ಜ್ವರದ ಲೆಕ್ಕಕ್ಕೆ ಯಾವ ದಿನಾಂಕ?

ಮಡಿಕೇರಿಯಲ್ಲಿ ಡೆಂಗಿ ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ನೋಡಲು ವಾರವಾರದ ಪ್ರಕರಣಗಳನ್ನು ಗ್ರಾಫ್ ಮೇಲೆ ಕಂಬಗಳಾಗಿ ನಿಲ್ಲಿಸುತ್ತೇವೆ. ಸುಲಭ ಅನ್ನಿಸುತ್ತದೆ, ಅಲ್ವಾ? ಆದರೆ ಯಾವ ದಿನಾಂಕವನ್ನು ಹಿಡಿದು ಎಣಿಸಿದಿರಿ ಎಂಬುದರ ಮೇಲೆ ಇಡೀ ಚಿತ್ರ ನಿಂತಿದೆ.

ಒಬ್ಬ ರೋಗಿಗೆ ಮೂರು ದಿನಾಂಕ ಇರುತ್ತವೆ: ಜ್ವರ ಶುರುವಾದ ದಿನ, ರಕ್ತ ಕೊಟ್ಟ ದಿನ, ವರದಿ ಸೇರಿದ ದಿನ. ಶನಿವಾರ ಜ್ವರ ಬಂದವರು ಮಂಗಳವಾರ ಆಸ್ಪತ್ರೆಗೆ ಹೋಗಬಹುದು. ಅವರ ವರದಿ ಮುಂದಿನ ವಾರ ಸೇರಬಹುದು. ವರದಿಯ ದಿನ ಹಿಡಿದರೆ ನಮಗೆ ಕಾಣುವುದು ಕಚೇರಿಯ ವೇಗ, ರೋಗದ ವೇಗ ಅಲ್ಲ. ಅದಕ್ಕೇ ಜ್ವರ ಶುರುವಾದ ದಿನವನ್ನೇ ಕೇಳಿ ಬರೆದುಕೊಳ್ಳಬೇಕು. ಸೊಳ್ಳೆ ಕಚ್ಚಿ ಸಾಮಾನ್ಯವಾಗಿ 4ರಿಂದ 10 ದಿನಕ್ಕೆ ಜ್ವರ ಬರುತ್ತದೆ. ಹಾಗಾಗಿ ಆ ದಿನದಿಂದ ಹಿಂದಕ್ಕೆ ಎಣಿಸಿದರೆ ರೋಗಿ ಎಲ್ಲಿದ್ದಾಗ ಸೊಳ್ಳೆ ಕಚ್ಚಿರಬಹುದು ಎಂದು ಹುಡುಕಬಹುದು. ಪರೀಕ್ಷೆಗೂ ಇದು ಬೇಕು. ಎನ್‌ಎಸ್1 (ರಕ್ತದಲ್ಲಿ ಸಿಗುವ ಡೆಂಗಿ ವೈರಸ್‌ನ ಪ್ರೋಟೀನ್) ಮೊದಲ ದಿನಗಳಲ್ಲಿ ಚೆನ್ನಾಗಿ ಸಿಗುತ್ತದೆ, ಐಜಿಎಂ (ವೈರಸ್ ವಿರುದ್ಧ ದೇಹ ತಯಾರಿಸುವ ಪ್ರತಿಕಾಯ) ಸುಮಾರು ಐದನೇ ದಿನದ ನಂತರ.

ವಿಳಾಸವನ್ನೂ ಬಿಡಬೇಡಿ. ಸೋಮವಾರಪೇಟೆ ಕಡೆಯ ತೋಟದ ಕಾರ್ಮಿಕರ ಲೈನ್‌ಮನೆಯಿಂದ ಬಂದು ಮಡಿಕೇರಿಯಲ್ಲಿ ರಕ್ತ ಕೊಟ್ಟವರನ್ನು ಮಡಿಕೇರಿ ಲೆಕ್ಕಕ್ಕೆ ಸೇರಿಸಿದರೆ ಸೊಳ್ಳೆ ಹುಡುಕುವವರು ತಪ್ಪು ಬೀದಿಗೆ ಹೋಗುತ್ತಾರೆ.

ಇನ್ನು ಜನಸಂಖ್ಯೆ. 2011ರ ಜನಗಣತಿಯಲ್ಲಿ ಮಡಿಕೇರಿ ಪಟ್ಟಣದಲ್ಲಿ 33,381 ಜನ, ಇಡೀ ಕೊಡಗಿನಲ್ಲಿ 5,54,519. ಉದಾಹರಣೆಗೆ 10 ಪ್ರಕರಣ ಎಂದುಕೊಳ್ಳಿ. ಪಟ್ಟಣದ ಜನಸಂಖ್ಯೆ ಹಿಡಿದರೆ ಲಕ್ಷ ಜನಕ್ಕೆ ಸುಮಾರು 30, ಜಿಲ್ಲೆಯದು ಹಿಡಿದರೆ 2ಕ್ಕಿಂತ ಕಡಿಮೆ. ಹಳೆಯ ಜನಗಣತಿ ಬಳಸಿದ್ದರೆ ಅದನ್ನು ಗ್ರಾಫ್ ಕೆಳಗೆ ಬರೆದೇ ಬಿಡಿ.

ನನಗೆ ಜಾಸ್ತಿ ಕಾಡುವುದು ಕಕ್ಕಡದ (ಜುಲೈ-ಆಗಸ್ಟ್ ಹೊತ್ತಿನ ಕೊಡವ ತಿಂಗಳು) ಮಳೆ. ಜಡಿಮಳೆಯಲ್ಲಿ ಕಂಬ ಗಿಡ್ಡವಾದರೆ ಎರಡು ಕಾರಣ ಇರಬಹುದು. ಜೋರು ಮಳೆಗೆ ಹೊರಗಿನ ಡಬ್ಬ, ಟೈರುಗಳಲ್ಲಿದ್ದ ಸೊಳ್ಳೆ ಮರಿಗಳು ಕೊಚ್ಚಿಹೋಗಿರಬಹುದು. ಅಥವಾ ರಸ್ತೆ ಕುಸಿದು ಜನ ಆಸ್ಪತ್ರೆಗೇ ಬಂದಿಲ್ಲದಿರಬಹುದು. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ಎಷ್ಟು ಊರುಗಳ ದಾರಿಯೇ ಮುಚ್ಚಿತ್ತು ಎಂದು ನೆನಪಿಸಿಕೊಳ್ಳಿ. ಆ ವಾರ ಎಷ್ಟು ಜನ ಪರೀಕ್ಷೆ ಮಾಡಿಸಿದರು ಎಂಬುದನ್ನು ಪಕ್ಕದಲ್ಲಿ ಇಟ್ಟರೆ ಮಾತ್ರ ಎರಡನ್ನೂ ಬೇರೆ ಮಾಡಬಹುದು.

ಇನ್ನೊಂದು ವಿಷಯ. ಜ್ವರ ಶುರುವಾದ ದಿನ ಹಿಡಿದ ಗ್ರಾಫ್‌ನಲ್ಲಿ ಕೊನೆಯ ಒಂದೆರಡು ವಾರದ ಕಂಬಗಳು ಸಾಮಾನ್ಯವಾಗಿ ಗಿಡ್ಡವಾಗಿಯೇ ಕಾಣುತ್ತವೆ. ಆ ರೋಗಿಗಳ ವರದಿ ಇನ್ನೂ ಬರಬೇಕಿದೆ, ಅಷ್ಟೇ. ಅದನ್ನು ನೋಡಿ ರೋಗ ಇಳಿಯಿತು ಎಂದು ಫಾಗಿಂಗ್ ನಿಲ್ಲಿಸಬಾರದು. ಆ ಕಂಬಗಳಿಗೆ ಬೇರೆ ಬಣ್ಣ ಹಚ್ಚಿ, ಮುಂದಿನ ಸೋಮವಾರ ಮತ್ತೆ ಎಣಿಸಿ.