ಚಂಡಮಾರುತಕ್ಕೆ ಮುಂಚಿನ ಮೂರು ದಿನ: ಒಡಿಶಾ, ಕ್ಯೂಬಾ ಮಾಡುವುದೇನು, ಕೋಲಾರ ಮಾಡಬೇಕಾದ್ದೇನು?

ಓದುಗರ ಪ್ರಶ್ನೆ: ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎದ್ದರೆ ಒಡಿಶಾದಲ್ಲಿ ಲಕ್ಷಗಟ್ಟಲೆ ಜನರನ್ನು ಮೊದಲೇ ಸುರಕ್ಷಿತ ಜಾಗಕ್ಕೆ ಸಾಗಿಸುತ್ತಾರೆ. ಅಷ್ಟು ದುಡ್ಡಿರುವ ಅಮೆರಿಕದಲ್ಲಿ ಜನ ಸಾಯುತ್ತಾರೆ. ಕೋಲಾರ ಜಿಲ್ಲೆಯ ನಮ್ಮ ಶ್ರೀನಿವಾಸಪುರದ ಕಡೆ ಶಾಲೆಗೆ ರಜೆ ಕೊಟ್ಟರೆ ಅಲ್ಲಿಗೆ ಮುಗಿಯಿತು. ಯಾಕೆ ಹೀಗೆ? ನಾವು ಯಾರಿಂದ ಏನು ಕಲಿಯಬಹುದು?

ಉತ್ತರ: ಮುನ್ಸೂಚನೆ ಕೊಡುವುದರಲ್ಲಿ ಈಗ ಬಡ ದೇಶ, ಸಿರಿವಂತ ದೇಶ ಎಂಬ ಭಾರೀ ಅಂತರ ಉಳಿದಿಲ್ಲ. ನಮ್ಮ ಹವಾಮಾನ ಇಲಾಖೆ ನಾಲ್ಕು ಹಂತಗಳಲ್ಲಿ ಎಚ್ಚರಿಸುತ್ತದೆ. 72 ಗಂಟೆ ಮುಂಚೆ ನಿಗಾ ಸೂಚನೆ, 48 ಗಂಟೆ ಮುಂಚೆ ಮುನ್ನೆಚ್ಚರಿಕೆ, 24 ಗಂಟೆ ಮುಂಚೆ ಖಚಿತ ಎಚ್ಚರಿಕೆ. ನಾಲ್ಕನೆಯದು, ತೀರ ದಾಟುವುದಕ್ಕೆ ಕನಿಷ್ಠ 12 ಗಂಟೆ ಮುಂಚೆ ಬರುವ, ಒಳನಾಡಿನಲ್ಲಿ ಏನಾಗಬಹುದು ಎಂಬ ಮುನ್ನೋಟ. ಕೋಲಾರ, ಚಿಕ್ಕಬಳ್ಳಾಪುರದವರಿಗೆ ಬೇಕಾದದ್ದು ಈ ನಾಲ್ಕನೆಯದೇ, ಆದರೆ ಟಿವಿಯಲ್ಲಿ ಅಲೆಗಳ ದೃಶ್ಯವೇ ಓಡುತ್ತಿರುತ್ತದೆ. ವ್ಯತ್ಯಾಸ ಇರುವುದು ಸೂಚನೆ ಬಂದ ಮೇಲಿನ ಆ ಮೂರು ದಿನಗಳಲ್ಲಿ: ಯಾರು ಮನೆ ಬಾಗಿಲಿಗೆ ಹೋಗಿ ಹೇಳುತ್ತಾರೆ, ಹೇಳಿಸಿಕೊಂಡವರು ಯಾವ ಗಾಡಿ ಹತ್ತಿ ಎಲ್ಲಿಗೆ ಹೋಗಬೇಕು ಎನ್ನುವುದರಲ್ಲಿ.

ಒಡಿಶಾ ಇದನ್ನು ಭಾರೀ ಬೆಲೆ ತೆತ್ತು ಕಲಿಯಿತು. 1999ರ ಅಕ್ಟೋಬರ್ 29ರ ಸೂಪರ್ ಸೈಕ್ಲೋನ್‌ನಲ್ಲಿ ಸುಮಾರು 10 ಸಾವಿರ ಜನ ಸತ್ತರು. ಅದೇ ವರ್ಷ ರಾಜ್ಯ ವಿಪತ್ತು ಪ್ರಾಧಿಕಾರ ಹುಟ್ಟಿತು. ದೇಶಕ್ಕೆ ವಿಪತ್ತು ನಿರ್ವಹಣಾ ಕಾಯ್ದೆ ಬಂದದ್ದು 2005ರಲ್ಲಿ. 2019ರ ಮೇ 3ರಂದು ಫಣಿ ಚಂಡಮಾರುತ ಪುರಿಯ ಬಳಿ ಅಪ್ಪಳಿಸುವ ಹೊತ್ತಿಗೆ ಸುಮಾರು 12 ಲಕ್ಷ ಜನ ಚಂಡಮಾರುತ ಆಶ್ರಯ ಕಟ್ಟಡಗಳಲ್ಲಿ, ಶಾಲೆಗಳಲ್ಲಿ ಇದ್ದರು. ಒಡಿಶಾದಲ್ಲಿ ಸತ್ತವರು 64 ಮಂದಿ. ಆಶ್ರಯ ಕಟ್ಟಡ ಬರೀ ಸಿಮೆಂಟಿನ ಗೂಡಲ್ಲ. ಅದಕ್ಕೊಂದು ಊರಿನ ಸಮಿತಿ, ಜನರೇಟರ್, ಮರ ಕತ್ತರಿಸುವ ಯಂತ್ರ, ಅನ್ನ ಬೇಯಿಸಲು ದೊಡ್ಡ ಪಾತ್ರೆ, ವರ್ಷವರ್ಷ ಅಣಕು ಕಾರ್ಯಾಚರಣೆ. ಇಷ್ಟಿದ್ದರೂ ಫಣಿ ಹೋದ ಮೇಲೆ ಪುರಿಯಲ್ಲಿ ವಾರಗಟ್ಟಲೆ ಕರೆಂಟ್ ಇರಲಿಲ್ಲ. ಜನರನ್ನು ಉಳಿಸುವುದನ್ನು ಕಲಿತಷ್ಟು ಬೇಗ ಕಂಬ, ತಂತಿ ಉಳಿಸುವುದನ್ನು ಕಲಿಯಲಾಗಿಲ್ಲ.

ಬಾಂಗ್ಲಾದೇಶದ ಕಥೆ ಇದಕ್ಕಿಂತ ಕಠೋರ. 1970ರ ನವೆಂಬರಿನ ಭೋಲಾ ಚಂಡಮಾರುತ ಕನಿಷ್ಠ 3 ಲಕ್ಷ ಜೀವ ತೆಗೆದುಕೊಂಡಿತು. 1972ರಲ್ಲಿ ರೆಡ್ ಕ್ರಾಸ್ (ಈಗಿನ ರೆಡ್ ಕ್ರೆಸೆಂಟ್) ಜೊತೆ ಸೇರಿ ಸ್ವಯಂಸೇವಕ ಪಡೆ ಕಟ್ಟಿದರು. ಆದರೂ 1991ರಲ್ಲಿ ಮತ್ತೆ ಸುಮಾರು 1.38 ಲಕ್ಷ ಜನ ಹೋದರು, ಅವರಲ್ಲಿ ಹೆಂಗಸರೇ ಹೆಚ್ಚು. ಗಂಡಸರು ಬಂದು ಕೂಗಿ ಹೇಳಿದರೆ ಮನೆ ಬಿಟ್ಟು ಹೊರಡುವ ಸ್ವಾತಂತ್ರ್ಯ ಅವರಿಗಿರಲಿಲ್ಲ, ಗಂಡಸರ ನಡುವೆ ಹೋಗಿ ಇರಲು ತಕ್ಕ ಜಾಗವೂ ಇರಲಿಲ್ಲ. ಈಗ ಒಂದೊಂದು ಘಟಕದಲ್ಲಿ 20 ಜನ, 10 ಗಂಡಸರು, 10 ಹೆಂಗಸರು. ಕೈಯಲ್ಲಿ ಮೆಗಾಫೋನ್, ಕೈಯಿಂದ ತಿರುಗಿಸುವ ಸೈರನ್, ಬಾವುಟ. 2007ರಲ್ಲಿ ಸಿಡರ್ ಬಂದಾಗ ಸಾವು ಸುಮಾರು 3,400ಕ್ಕೆ ಇಳಿದಿತ್ತು. ಆಶ್ರಯ ಕಟ್ಟಡದ ಪಕ್ಕದಲ್ಲಿ ದನಗಳಿಗೆಂದು ಮಣ್ಣಿನ ದಿಬ್ಬವನ್ನೂ ಎಬ್ಬಿಸುತ್ತಾರೆ. ಹಸು ಬಿಟ್ಟು ಬರಲು ಒಲ್ಲದವರನ್ನು ಬೈದು ಕರೆತರಲಾಗದು ಎಂದು ಅವರಿಗೆ ಗೊತ್ತು. ಅಮೆರಿಕ ಇದೇ ಪಾಠವನ್ನು 2006ರಲ್ಲಿ ಕಲಿತು, ಸಾಕುಪ್ರಾಣಿಗಳನ್ನೂ ಸ್ಥಳಾಂತರ ಯೋಜನೆಗೆ ಸೇರಿಸಬೇಕೆಂದು ಕಾನೂನು ಮಾಡಿತು.

ಇನ್ನು ಅಮೆರಿಕ. 2005ರ ಆಗಸ್ಟ್ 29ರ ಬೆಳಗ್ಗೆ ಕತ್ರಿನಾ ಚಂಡಮಾರುತ ದಡ ಸೇರಿತು. ನ್ಯೂ ಆರ್ಲಿಯನ್ಸ್ ನಗರದಲ್ಲಿ ಎಲ್ಲರೂ ಊರು ಬಿಡಲೇಬೇಕು ಎಂಬ ಆದೇಶ ಹೊರಟಿದ್ದು ಹಿಂದಿನ ದಿನವಷ್ಟೇ. ಕಾರಿದ್ದವರು ಹೊರಟರು. ಕಾರಿಲ್ಲದ ಬಡವರು, ವಯಸ್ಸಾದವರು ಉಳಿದರು. ಅವರನ್ನು ಒಯ್ಯಬಹುದಾಗಿದ್ದ ಶಾಲಾ ಬಸ್ಸುಗಳು ನಿಂತಲ್ಲೇ ನೀರಲ್ಲಿ ಮುಳುಗಿದವು. ತಡೆಗೋಡೆಗಳು ಒಡೆದು ನಗರದ ಸುಮಾರು ಶೇ 80 ಭಾಗ ಜಲಾವೃತವಾಯಿತು. ಅಲ್ಲಿನ ವ್ಯವಸ್ಥೆಯಲ್ಲಿ ನಗರ, ರಾಜ್ಯ, ಕೇಂದ್ರ ಮೂರೂ ಬೇರೆ ಬೇರೆ ಅಧಿಕಾರ. ಗವರ್ನರ್ ಕೇಳಬೇಕು, ಅಧ್ಯಕ್ಷರು ಒಪ್ಪಬೇಕು. ದುಡ್ಡು ಬರುತ್ತದೆ, ಆದರೆ ಮೊದಲ 48 ಗಂಟೆಯಲ್ಲಿ ಬಸ್ಸಿನ ಚಾಲಕನಿಗೆ ಯಾರು ಹೇಳಬೇಕು ಎಂಬುದೇ ತೀರ್ಮಾನವಾಗಿರುವುದಿಲ್ಲ. 2017ರಲ್ಲಿ ಅಮೆರಿಕದ ಆಡಳಿತದಲ್ಲಿರುವ ಪೋರ್ಟೊ ರಿಕೊ ದ್ವೀಪಕ್ಕೆ ಮರಿಯಾ ಚಂಡಮಾರುತ ಬಡಿದಾಗ ಸರ್ಕಾರ ಮೊದಲು ಹೇಳಿದ್ದು 64 ಸಾವು. ಮರುವರ್ಷ ಅದನ್ನು 2,975 ಎಂದು ತಿದ್ದಿತು. ತಿಂಗಳುಗಟ್ಟಲೆ ಕರೆಂಟಿಲ್ಲದೆ, ಔಷಧಿ, ಚಿಕಿತ್ಸೆ ಸಿಗದೆ ಹೋದ ಜೀವಗಳನ್ನು ಮೊದಲ ಲೆಕ್ಕ ಬಿಟ್ಟಿತ್ತು.

ಅದೇ ಕೆರಿಬಿಯನ್ ಕಡಲಲ್ಲಿ ಕ್ಯೂಬಾ ಇದೆ. 2004ರ ಐವಾನ್ ಚಂಡಮಾರುತಕ್ಕೆ ಅಲ್ಲಿ ಸುಮಾರು 20 ಲಕ್ಷ ಜನ ಜಾಗ ಬಿಟ್ಟರು, ಒಬ್ಬರೂ ಸಾಯಲಿಲ್ಲ. ಬಹುಪಾಲು ಜನ ಹೋಗಿ ಇದ್ದದ್ದು ನೆಂಟರ, ಗೆಳೆಯರ ಗಟ್ಟಿ ಮನೆಗಳಲ್ಲಿ. ಯಾವ ಬೀದಿಯಲ್ಲಿ ಗರ್ಭಿಣಿ ಇದ್ದಾಳೆ, ಹಾಸಿಗೆ ಹಿಡಿದವರು ಯಾರು, ಅವರನ್ನು ಎತ್ತಿ ಕರೆತರುವವರು ಯಾರು ಎಂಬ ಪಟ್ಟಿ ಮೊದಲೇ ಸಿದ್ಧವಿರುತ್ತದೆ. ಪ್ರತಿ ವರ್ಷ ಹಂಗಾಮಿಗೆ ಮುಂಚೆ ದೇಶವ್ಯಾಪಿ ತಾಲೀಮು ನಡೆಯುತ್ತದೆ. ಒಂದೇ ಪಕ್ಷದ ಆಳ್ವಿಕೆಯಲ್ಲಿ ಆಜ್ಞೆ ಬೇಗ ನಡೆಯುತ್ತದೆ ನಿಜ, ಅದನ್ನು ನಾವು ತರಬೇಕಿಲ್ಲ. ಪಟ್ಟಿಯನ್ನು ತರಬಹುದು. ಜಪಾನಿನಿಂದ ಒಂದೇ ಸಂಗತಿ ಸಾಕು: ಸಲಹೆ, ಆದೇಶ ಎಂದು ಎರಡು ಬಗೆಯ ಎಚ್ಚರಿಕೆಯಿಂದ ಜನ ಗೊಂದಲಗೊಂಡಿದ್ದರಿಂದ 2021ರಲ್ಲಿ ಎರಡನ್ನೂ ಸೇರಿಸಿ ಒಂದೇ ಮಾಡಿದರು. ಎಚ್ಚರಿಕೆಯ 3ನೇ ಹಂತಕ್ಕೆ ವೃದ್ಧರು, ಅಶಕ್ತರು ಹೊರಡಬೇಕು. 4ಕ್ಕೆ ಅಪಾಯದ ಜಾಗದಲ್ಲಿರುವ ಎಲ್ಲರೂ.

ಈಗ ನಮ್ಮ ಜಿಲ್ಲೆಗಳಿಗೆ ಬರೋಣ. ಇಲ್ಲಿಗೆ ಬರುವ ಹೊತ್ತಿಗೆ ಗಾಳಿ ಸೋತಿರುತ್ತದೆ, ಮಳೆ ಸೋತಿರುವುದಿಲ್ಲ. 2021ರ ನವೆಂಬರ್‌ನಲ್ಲಿ ಬಂದದ್ದು ಹೆಸರಿಟ್ಟ ಚಂಡಮಾರುತವೂ ಅಲ್ಲ, ವಾಯುಭಾರ ಕುಸಿತ. ಅಷ್ಟಕ್ಕೇ ಕೊಯ್ಲಿಗೆ ಬಂದ ರಾಗಿ ತೆನೆಯಲ್ಲೇ ಮೊಳೆಯಿತು, ಕೆರೆಗಳು ಕೋಡಿ ಹರಿದವು. ಈಶಾನ್ಯ ಮಾರುತದ ಹಂಗಾಮು, ರಾಗಿ ಕಟಾವು ಎರಡೂ ಒಂದೇ ತಿಂಗಳಲ್ಲಿ ಬೀಳುತ್ತವೆ. ಜೊತೆಗೆ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ಕಳಿಸುವ ಯೋಜನೆಗಳಿಂದ, 2018ರಿಂದ ಕೆ.ಸಿ. ವ್ಯಾಲಿಯ ನೀರು ಕೋಲಾರದ ಕೆರೆಗಳಿಗೆ, ಆಮೇಲೆ ಎಚ್.ಎನ್. ವ್ಯಾಲಿಯ ನೀರು ಚಿಕ್ಕಬಳ್ಳಾಪುರದ ಕೆರೆಗಳಿಗೆ ಹರಿಯುತ್ತಿದೆ. ಮೊದಲೇ ಅರ್ಧ ಮುಕ್ಕಾಲು ತುಂಬಿದ ಕೆರೆಗೆ ಚಂಡಮಾರುತದ ಮಳೆ ಹಿಡಿದಿಡುವ ಜಾಗ ಕಡಿಮೆ. ಕೆರೆಗಳು ಸರಪಳಿಯಂತೆ ಇರುವುದರಿಂದ ಮೇಲಿನದೊಂದು ಒಡೆದರೆ ಕೆಳಗಿನದಕ್ಕೂ ಉಳಿಗಾಲವಿಲ್ಲ.

ಹಾಗಾಗಿ 72 ಗಂಟೆಯ ಸೂಚನೆ ಬಂದ ದಿನವೇ ಪಂಚಾಯಿತಿ ನೋಡಬೇಕಾದ್ದು ಕೆರೆ ಏರಿಯನ್ನು. ಮೊದಲು ಕೋಡಿ: ನೀರು ಹೆಚ್ಚು ನಿಲ್ಲಲೆಂದು ಯಾರಾದರೂ ಕಲ್ಲು, ಮರಳುಚೀಲ ಇಟ್ಟು ಎತ್ತರಿಸಿದ್ದರೆ, ಮೀನಿನ ಬಲೆ ಅಡ್ಡ ಕಟ್ಟಿದ್ದರೆ ಅಂದೇ ತೆಗೆಸಬೇಕು. ಕೋಡಿಯಲ್ಲಿ ಹೋಗಲಾಗದ ನೀರು ಏರಿಯ ಮೇಲೆ ಹತ್ತುತ್ತದೆ, ಮಣ್ಣಿನ ಏರಿ ಅದನ್ನು ತಡೆದುಕೊಳ್ಳದು. ಆಮೇಲೆ ಏರಿಯ ಹೊರಮೈಯ ಬುಡ. ಅಲ್ಲಿ ಜಿನುಗುವ ನೀರು ತಿಳಿಯಾಗಿದ್ದರೆ ಕಣ್ಣಿಟ್ಟರೆ ಸಾಕು. ಕೆಂಪಗೆ ಕದಡಿ ಬರುತ್ತಿದ್ದರೆ ಒಳಗಿನ ಮಣ್ಣು ಕೊಚ್ಚಿ ಹೋಗುತ್ತಿದೆ ಎಂದರ್ಥ. ಇಲಿ, ಹೆಗ್ಗಣದ ಬಿಲ, ಒಣಗಿದ ಜಾಲಿ ಬೇರಿನ ದಾರಿ ಇದಕ್ಕೆ ಸಾಮಾನ್ಯ ಕಾರಣ. ಆ ಬಾಯಿಗೆ ನೇರವಾಗಿ ಮಣ್ಣು ಮೆತ್ತಬಾರದು, ನೀರು ಪಕ್ಕದಲ್ಲಿ ದಾರಿ ಹುಡುಕುತ್ತದೆ. ಅದರ ಸುತ್ತ ಮರಳುಚೀಲಗಳನ್ನು ಬಾವಿಕಟ್ಟೆಯಂತೆ ಜೋಡಿಸಿ, ಒಳಗೆ ನೀರು ನಿಂತು ಎದುರು ಒತ್ತಡ ಕೊಡುವಂತೆ ಮಾಡಿ, ತಿಳಿನೀರು ಬರತೊಡಗುವವರೆಗೆ ಎತ್ತರಿಸಬೇಕು. ಚೀಲವನ್ನು ಮೂರರಲ್ಲಿ ಎರಡು ಭಾಗ ಮಾತ್ರ ತುಂಬಿ. ಬಿಗಿಯಾಗಿ ತುಂಬಿದ ಚೀಲಗಳ ನಡುವೆ ಸಂದು ಉಳಿಯುತ್ತದೆ. ತಕ್ಷಣ 1077ಕ್ಕೆ ಕರೆ ಮಾಡಿ ಕೆಳಗಿನ ಊರುಗಳನ್ನೂ ಎಚ್ಚರಿಸಬೇಕು. ಹಿಂದೆ ಈ ಕೆಲಸಕ್ಕೆಲ್ಲ ನೀರಗಂಟಿ ಇದ್ದ. ಈಗ ಪ್ರತಿ ಕೆರೆಗೂ ಹೆಸರಿಟ್ಟು ಇಬ್ಬರನ್ನು ಗೊತ್ತುಮಾಡುವುದು ಪಂಚಾಯಿತಿಗೆ ಖರ್ಚಿನ ಮಾತೇ ಅಲ್ಲ. ಏರಿ ಕೆಳಗಿನ ಮನೆಗಳು, ಮಣ್ಣಿನ ಗೋಡೆಯ ಹಳೇ ಮನೆಗಳು, ಅಲ್ಲಿ ಒಂಟಿಯಾಗಿರುವ ಅಜ್ಜ ಅಜ್ಜಿಯರ ಪಟ್ಟಿಯನ್ನು ಆಶಾ ಕಾರ್ಯಕರ್ತೆ ಒಂದು ಮಧ್ಯಾಹ್ನದಲ್ಲಿ ಬರೆದುಕೊಡಬಲ್ಲರು.

ರೈತರಿಗೆ: ಸೂಚನೆ ಬಂದ ಮೇಲೆ ರಾಗಿ ಕೊಯ್ದು ಹೊಲದಲ್ಲಿ ಹರಡಬೇಡಿ. ನಿಂತ ಪೈರು ಮಲಗಿದರೂ ನೆಲದ ಮೇಲೆ ನೆನೆದ ತೆನೆಗಿಂತ ತಡವಾಗಿ ಮೊಳೆಯುತ್ತದೆ. ಆಗಲೇ ಕೊಯ್ದಿದ್ದರೆ ಎತ್ತರದ ಜಾಗದಲ್ಲಿ ಕಲ್ಲು ಹಾಸಿ, ತೆನೆ ಒಳಮುಖವಾಗಿರುವಂತೆ ಮೆದೆ ಒಟ್ಟಿ ಟಾರ್ಪಾಲಿನ್ ಹೊದಿಸಿ. ಟೊಮೆಟೊ ಬಣ್ಣ ತಿರುಗಿದ್ದರೆ ಕಿತ್ತುಬಿಡಿ, ಸಾಲಿನ ನೀರು ಹೊರಹೋಗಲು ಕಾಲುವೆ ತೆಗೆಯಿರಿ. ನಿಮ್ಮ ಹೋಬಳಿಯ ಮಳೆ ಮುನ್ಸೂಚನೆಗೆ ರಾಜ್ಯ ವಿಕೋಪ ಉಸ್ತುವಾರಿ ಕೇಂದ್ರದ ವರುಣಮಿತ್ರ ಸಹಾಯವಾಣಿ ಇದೆ.

ನಷ್ಟವಾದರೆ ಎರಡು ಬಾಗಿಲು, ಎರಡಕ್ಕೂ ಬೇರೆ ನಿಯಮ. ಫಸಲ್ ಬಿಮಾ ಇದ್ದರೆ ಕೊಯ್ದು ಹೊಲದಲ್ಲಿ ಒಣಗಲು ಬಿಟ್ಟ ಬೆಳೆಗೆ 14 ದಿನದವರೆಗೆ ರಕ್ಷಣೆಯುಂಟು, ಆದರೆ ಹಾನಿಯಾದ 72 ಗಂಟೆಯೊಳಗೆ 14447ಕ್ಕೆ ಅಥವಾ ಬ್ಯಾಂಕಿಗೆ ತಿಳಿಸಲೇಬೇಕು. ಬಹಳ ಅರ್ಜಿಗಳು ತಿರಸ್ಕೃತವಾಗುವುದು ಈ ಗಡುವು ಮೀರಿದ್ದಕ್ಕೇ. ಸರ್ಕಾರಿ ಪರಿಹಾರ ಶೇ 33 ಅಥವಾ ಅದಕ್ಕಿಂತ ಹೆಚ್ಚು ಹಾನಿಗೆ, ಗರಿಷ್ಠ 2 ಹೆಕ್ಟೇರ್‌ಗೆ. 2022–26ರ ಕೇಂದ್ರ ಮಾನದಂಡದಂತೆ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ಅಂದರೆ ಎಕರೆಗೆ ಸುಮಾರು 3,440, ನೀರಾವರಿಗೆ 17,000. ಟೊಮೆಟೊ ಬೆಳೆದವರಿಗೆ ಅದು ಕೋಲು, ಸಸಿ, ಗೊಬ್ಬರದ ಖರ್ಚಿಗೂ ಸಾಲದು. ಆದರೂ ಬಿಡಬೇಡಿ. ಬೆಳೆ ಸಮೀಕ್ಷೆಯಲ್ಲಿ ನಿಮ್ಮ ಸರ್ವೆ ನಂಬರಿಗೆ ರಾಗಿಯೋ ಟೊಮೆಟೊವೋ ಸರಿಯಾಗಿ ನಮೂದಾಗಿದೆಯೇ ಎಂದು ಮಳೆಗೆ ಮುಂಚೆಯೇ ನೋಡಿಕೊಳ್ಳಿ. ಅಲ್ಲಿ ಬೀಳು ಎಂದು ದಾಖಲಾಗಿದ್ದರೆ ನೆನೆದ ತೆನೆಯ ಫೋಟೊ ಎಷ್ಟಿದ್ದರೂ ಹಣ ಖಾತೆಗೆ ಬರುವುದು ಕಷ್ಟ.