ಬಿರುಕು ಎಲ್ಲಿ ಬಿಟ್ಟಿದೆ, ಮೊದಲು ಅದನ್ನು ನೋಡಿ

ಕಳೆದ ಕಬ್ಬಿನ ಹಂಗಾಮಿನಲ್ಲಿ ಮಹಾಲಿಂಗಪುರದ ಕಡೆಯಿಂದ ಒಂದು ಗಾಣದ ಶಾಫ್ಟ್ ಬೆಳಗಾವಿ ಉದ್ಯಮಬಾಗದ ನಮ್ಮ ವರ್ಕ್‌ಶಾಪಿಗೆ ಬಂತು. ಅದಕ್ಕೆ ಹೊಸ ಫ್ಲಾಂಜ್ (ಜೋಡಣೆಯ ಚಪ್ಪಟೆ ಬಳೆ) ವೆಲ್ಡ್ ಮಾಡಿದ್ದರು. ಜೊತೆಗೆ ವೆಲ್ಡರ್ ಹುಡುಗನೂ ಬಂದಿದ್ದ. ಮುಖ ಸಣ್ಣದಾಗಿತ್ತು.

"ಸರ್, ಸಂಜಿಗೆ ಚಲೋ ಇತ್ರಿ. ಮುಂಜಾನೆ ನೋಡಿದ್ರ ಸುತ್ತಾ ಸೀಳೈತಿ. ಗಾಣ ಇನ್ನೂ ಚಾಲೂನ ಮಾಡಿಲ್ಲ. ಮಾಲಕ್ರು ನನ್ನ ಮ್ಯಾಲೆ ಸಿಟ್ಟಾಗ್ಯಾರ."

ಅವನ ಬೀಡ್, ಅಂದರೆ ವೆಲ್ಡಿಂಗ್ ಹೊಡೆದ ಪಟ್ಟಿ, ನೋಡಿದೆ. ಅಲೆಗಳು ಒಂದೇ ಸಮ, ಎಲ್ಲೂ ಒಂದು ತೂತಿಲ್ಲ. ಬಿರುಕು ಇದ್ದದ್ದು ಬೀಡ್‌ನ ಪಕ್ಕದಲ್ಲಿ, ಶಾಫ್ಟ್ ಕಡೆಗೆ, ಕೂದಲೆಳೆಯಷ್ಟು ಸಣ್ಣಗೆ. ಅಲ್ಲಿ ಅರ ಹಾಕಿ ಉಜ್ಜಿದೆ. ಶಾಫ್ಟ್‌ನ ಬೇರೆ ಕಡೆ ಸರಿಯಾಗಿ ಕಚ್ಚುತ್ತಿದ್ದ ಅರ, ಬಿರುಕಿನ ಹತ್ತಿರ ಗಾಜಿನ ಮೇಲೆ ಹೋದಂತೆ ಜಾರಿತು. ಹುಡುಗನ ಕೈಗೇ ಅರ ಕೊಟ್ಟೆ. ಎರಡು ಸಲ ಉಜ್ಜಿ ನನ್ನ ಮುಖ ನೋಡಿದ.

ಶಾಫ್ಟ್ ಇಎನ್ 8 ಅನ್ನುವ ಗ್ರೇಡ್‌ನ ಉಕ್ಕು. ನಾವು ದಿನಾ ವೆಲ್ಡ್ ಮಾಡುವ ಮೈಲ್ಡ್ ಸ್ಟೀಲ್, ಅಂದರೆ ಎಂಎಸ್‌ನಲ್ಲಿ ಕಾರ್ಬನ್ ಶೇ. 0.2ರ ಆಸುಪಾಸು ಇರುತ್ತದೆ. ಇಎನ್ 8ರಲ್ಲಿ ಅದರ ಎರಡರಷ್ಟು, ಸುಮಾರು 0.4. ಕಬ್ಬು ಕಡಿಯುವ ಕೊಯ್ತಾ ಕಾಯಿಸಿ ಕಮ್ಮಾರ ನೀರಿಗೆ ಅದ್ದುತ್ತಾನಲ್ವಾ? ಅದು ಗಟ್ಟಿಯಾಗುವುದು ಈ ಕಾರ್ಬನ್‌ನಿಂದಲೇ. ದಪ್ಪ, ತಣ್ಣನೆಯ ಶಾಫ್ಟ್‌ಗೆ ವೆಲ್ಡಿಂಗ್ ಹೊಡೆದಾಗಲೂ ಹಾಗೇ ಆಗುತ್ತದೆ. ಬೀಡ್ ಪಕ್ಕದ ಉಕ್ಕು ಕೆಂಪಗೆ ಕಾಯುತ್ತದೆ, ಶಾಫ್ಟ್ ಆ ಬಿಸಿಯನ್ನು ಸರಕ್ಕನೆ ಎಳೆದುಕೊಳ್ಳುತ್ತದೆ. ನೀರಿಲ್ಲದೆಯೇ ನೀರಿಗೆ ಅದ್ದಿದ ಹಾಗೆ. ಆ ಪಟ್ಟಿಯಷ್ಟೇ ಪೆಡಸಾಗುತ್ತದೆ. ತೇವ ಹಿಡಿದ ವೆಲ್ಡಿಂಗ್ ರಾಡ್‌ನಿಂದ ಒಳಗೆ ಸೇರಿದ ಹೈಡ್ರೋಜನ್ ನಿಧಾನಕ್ಕೆ ಅಲ್ಲಿ ಕೂಡಿಕೊಂಡು ಸೀಳುತ್ತದೆ. ಕೆಲವು ಗಂಟೆ ಬಿಟ್ಟು ಸೀಳಬಹುದು, ಎರಡು ದಿನವೂ ಹಿಡಿಯಬಹುದು. ಸಂಜೆ ಚೆನ್ನಾಗಿದ್ದದ್ದು ಬೆಳಿಗ್ಗೆ ಕೆಟ್ಟದ್ದು ಇದರಿಂದಲೇ. ಹುಡುಗನ ಕೈ ಚೆನ್ನಾಗಿತ್ತು. ಇದು ಯಾವ ಉಕ್ಕು ಅಂತ ಅವನಿಗೆ ಯಾರೂ ಹೇಳಿರಲಿಲ್ಲ, ನನಗೆ ಬೇಜಾರಾಗಿದ್ದು ಅದಕ್ಕೇ.

ರಾಡ್ ಹಿಡಿಯುವ ಮೊದಲು ಒಂದು ಸಣ್ಣ ಲೆಕ್ಕ ಮಾಡಿ. ಅದಕ್ಕೆ ಕಾರ್ಬನ್ ಈಕ್ವಿವಲೆಂಟ್ ಅನ್ನುತ್ತಾರೆ. ಉಕ್ಕಿನಲ್ಲಿ ಶೇಕಡಾ ಎಷ್ಟು ಕಾರ್ಬನ್ ಇದೆಯೋ ಅದಕ್ಕೆ ಮ್ಯಾಂಗನೀಸ್‌ನ ಶೇಕಡಾ ಪ್ರಮಾಣದ ಆರನೇ ಒಂದು ಪಾಲು ಸೇರಿಸಿ. ಕ್ರೋಮಿಯಂ, ಮಾಲಿಬ್ಡಿನಮ್, ವೆನೇಡಿಯಂ ಇದ್ದರೆ ಮೂರನ್ನೂ ಕೂಡಿ ಐದನೇ ಒಂದು ಪಾಲು, ನಿಕ್ಕಲ್ ಮತ್ತು ತಾಮ್ರ ಇದ್ದರೆ ಕೂಡಿ ಹದಿನೈದನೇ ಒಂದು ಪಾಲು. ಇಎನ್ 8ರಲ್ಲಿ ಕಾರ್ಬನ್ 0.40, ಮ್ಯಾಂಗನೀಸ್ 0.80 ಅಂತ ಹಿಡಿದರೆ ಉತ್ತರ 0.53. 0.4ರ ಒಳಗೆ ಬಂದರೆ ಸಾಮಾನ್ಯವಾಗಿ ತೊಂದರೆ ಇಲ್ಲ. 0.45 ದಾಟಿದ ದಪ್ಪ ಮಾಲನ್ನು ಬಿಸಿ ಮಾಡದೆ ಮುಟ್ಟಲೇಬೇಡಿ.

ಆ ಶಾಫ್ಟ್‌ನಲ್ಲಿ ಪೆಡಸಾದ ಪಟ್ಟಿಯನ್ನೆಲ್ಲ ಗ್ರೈಂಡ್ ಮಾಡಿ ತೆಗೆದೆವು. ಗೊತ್ತಾದ ಬಿಸಿಗೆ ಕರಗುವ ಟೆಂಪರೇಚರ್ ಚಾಕ್ ಇಟ್ಟುಕೊಂಡು 200 ಡಿಗ್ರಿ ದಾಟುವವರೆಗೆ ಕಾಯಿಸಿದೆವು. ದಿನಬಳಕೆಯ 6013 ರಾಡ್ ಬಿಟ್ಟು, ಓವನ್‌ನಲ್ಲಿ ಒಣಗಿಸಿದ, ಹೈಡ್ರೋಜನ್ ಕಡಿಮೆ ಬಿಡುವ 7018 ರಾಡ್ ಹೊಡೆದೆವು. ನಿಧಾನಕ್ಕೆ ಆರಲಿ ಅಂತ ಕೂಡಲೇ ಒಣ ಬೂದಿಯಲ್ಲಿ ಹೂತು ರಾತ್ರಿಯಿಡೀ ಬಿಟ್ಟೆವು. ಗಾಣದವರಿಗೆ ಬೂದಿಗೇನು ಬರ, ಎರಡು ಚೀಲ ಅವರೇ ತಂದಿದ್ದರು. ಎರಡು ದಿನ ಕಾದು, ಬಿರುಕಿದ್ದರೆ ಎತ್ತಿ ತೋರಿಸುವ ಕೆಂಪು ಡೈ ಹಚ್ಚಿ ನೋಡಿದೆವು. ಒಂದು ಗೆರೆಯೂ ಕಾಣಲಿಲ್ಲ.

ರಾಡ್ ಒಣಗಿಸುವ ವಿಷಯದಲ್ಲಿ ನಮ್ಮ ಬೆಳಗಾವಿಯವರು ಜಾಸ್ತಿ ಎಚ್ಚರ ಇರಬೇಕು. ಸಕ್ಕರೆ ಕಾರ್ಖಾನೆಗಳ ರಿಪೇರಿ ಕೆಲಸ ಬರುವುದೇ ಮಳೆಗಾಲದಲ್ಲಿ. ಡಬ್ಬಿ ತೆರೆದಿಟ್ಟ ರಾಡ್ ಆ ಗಾಳಿಯಲ್ಲಿ ಸುಮ್ನೆ ಕೂತೇ ನೀರು ಕುಡಿಯುತ್ತದೆ.

ಬಿರುಕು ಬೀಡ್‌ನ ನಟ್ಟನಡುವೆ, ಉದ್ದಕ್ಕೆ, ಬಿಸಿ ಇರುವಾಗಲೇ ಬಂದರೆ ಕಥೆ ಬೇರೆ. ಅಲ್ಲಿ ಮೊದಲು ಗಂಧಕದ ಮೇಲೆ ಅನುಮಾನ ಪಡಿ. ಲೇತ್‌ನಲ್ಲಿ ಬೇಗ ತಿರುವಲು ಸಿಗುವ ಇಎನ್ 1ಎ ಬಾರ್‌ಗೆ ಬೇಕೆಂದೇ ಗಂಧಕ ಹಾಕಿರುತ್ತಾರೆ. ಬುಶ್ ಮಾಡಲು ಅದು ಬಲು ಚೆಂದ, ವೆಲ್ಡಿಂಗ್‌ಗೆ ಬೇಡವೇ ಬೇಡ. ಕಬ್ಬಿಣ ಮತ್ತು ಗಂಧಕ ಸೇರಿದ ಮಿಶ್ರಣ ಸುಮಾರು 988 ಡಿಗ್ರಿವರೆಗೂ ದ್ರವವಾಗಿರುತ್ತದೆ. ಸುತ್ತಲಿನ ಉಕ್ಕು ಗಟ್ಟಿಯಾಗಿ ಕುಗ್ಗುವಾಗ ನಡುವಿನ ಈ ತೆಳು ಪೊರೆ ಹರಿದುಕೊಳ್ಳುತ್ತದೆ. ಮ್ಯಾಂಗನೀಸ್ ಗಂಧಕವನ್ನು ಹಿಡಿದುಕೊಂಡು ಎಷ್ಟೋ ಕಾಪಾಡುತ್ತದೆ. ಆದರೆ ಇಎನ್ 1ಎಯಲ್ಲಿ ಗಂಧಕವೇ ಅಷ್ಟಿರುವಾಗ ಅದನ್ನು ನಂಬಿ ಕೂರಬೇಡಿ.

ಯಾವ ಉಕ್ಕು ಅಂತ ಗೊತ್ತಿಲ್ಲದಿದ್ದರೆ ಗ್ರೈಂಡರ್‌ಗೆ ಹಿಡಿಯಿರಿ. ಎಂಎಸ್ ಕಿಡಿ ಉದ್ದ ಗೆರೆಯಾಗಿ ಹೋಗುತ್ತದೆ. ಕಾರ್ಬನ್ ಜಾಸ್ತಿ ಇದ್ದರೆ ಸುರುಸುರು ಬತ್ತಿಯಂತೆ ಒಡೆದು ಹರಡುತ್ತದೆ. ಗಂಧಕ ಇದೆಯೋ ಇಲ್ಲವೋ ಈ ಕಿಡಿಯಿಂದ ಗೊತ್ತಾಗುವುದಿಲ್ಲ. ಹಾಗಾಗಿ ಬಾರ್ ಕತ್ತರಿಸುವಾಗ ಗ್ರೇಡ್ ಗುರುತಿಗೆ ಬಣ್ಣ ಬಳಿದ ತುದಿಯನ್ನು ಕೊನೆಯವರೆಗೆ ಉಳಿಸಿ. ಕತ್ತರಿಸಿದ ಪ್ರತಿ ತುಂಡಿನ ಮೇಲೂ ಗ್ರೇಡ್ ಬರೆದೇ ವೆಲ್ಡರ್ ಕೈಗೆ ಕೊಡಿ.