ದನ ಸತ್ತದ್ದು ಯಾಕೆ ಎಂದು ಕೇಳಿದವರು

ಕಾಸರಗೋಡಿನ ನಮ್ಮ ಕಡೆ ಹಟ್ಟಿಯಲ್ಲಿ ದನ ಸತ್ತರೆ ಮೊದಲು ನಡೆಯುವ ಕೆಲಸ ಗುಂಡಿ ತೋಡುವುದು. ತೋಟದ ಮೂಲೆಯಲ್ಲಿ, ಹೆಚ್ಚಾಗಿ ತೆಂಗಿನ ಮರದ ಹತ್ತಿರ. ಏನಾಗಿತ್ತು ಎಂದು ನೆರೆಯವರು ಕೇಳಿದರೆ ಜ್ವರ ಇತ್ತು, ಹೊಟ್ಟೆ ಉಬ್ಬಿತ್ತು, ಯಾರದೋ ಕಣ್ಣು ಬಿತ್ತು ಎಂಬ ಉತ್ತರ. ಮೃಗಾಸ್ಪತ್ರೆಗೆ ಫೋನ್ ಹೋಗುವುದು ಇನ್ಶೂರೆನ್ಸ್ ಇದ್ದರೆ ಮಾತ್ರ. ಹಾಗಾಗಿ ದನದ ಪೋಸ್ಟ್‌ಮಾರ್ಟಂ ಅಂದರೆ ದುಡ್ಡು ಸಿಗಲು ಬೇಕಾದ ಒಂದು ಕಾಗದ ಎಂದೇ ಹೆಚ್ಚಿನವರ ತಿಳುವಳಿಕೆ.

ಆ ಕಾಗದದ ಹಿಂದೆ ಮುನ್ನೂರು ವರ್ಷಗಳ ವಿದ್ಯೆ ಇದೆ. ಅದಕ್ಕೆ ಪಶು ರೋಗಶಾಸ್ತ್ರ ಎನ್ನುತ್ತಾರೆ, ಕಾಲೇಜಿನವರ ಬಾಯಲ್ಲಿ ವೆಟರ್ನರಿ ಪೆಥಾಲಜಿ. ರೋಗ ಮೈಯೊಳಗೆ ಎಲ್ಲಿ ಕೂತಿತು, ಅಲ್ಲಿ ಏನು ಕೆಡಿಸಿತು ಎಂದು ಹುಡುಕುವುದು ಇದರ ಕೆಲಸ. 1979ರಲ್ಲಿ ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ಕಾಲು ಸೊಟ್ಟಗಿರುವ ಕರುಗಳು ಹುಟ್ಟಿದಾಗ ಎದ್ದ ಪ್ರಶ್ನೆಗಳೆಲ್ಲ ಈ ವಿದ್ಯೆಗೇ ಸೇರಿದವು. ಅಲ್ಲಿಗೆ ಬರುತ್ತೇನೆ, ಸ್ವಲ್ಪ ಸುತ್ತಿ.

ಈ ವಿದ್ಯೆಯನ್ನು ಹುಟ್ಟಿಸಿದ್ದು ದೊಡ್ಡರೋಗ. ಅದೇ, ರಿಂಡರ್‌ಪೆಸ್ಟ್. 1711ರ ಹೊತ್ತಿಗೆ ಇಟಲಿಯಲ್ಲಿ ದನಗಳು ಸಾಲುಸಾಲಾಗಿ ಸತ್ತವು. ಪೋಪರ ವೈದ್ಯ ಲಾಂಚಿಸಿ ಎಂಬವರು ರೋಗ ಬಂದ ದನಗಳನ್ನು ಕೊಲ್ಲಿ, ಸಾಗಾಟ ನಿಲ್ಲಿಸಿ, ಸುಣ್ಣ ಹಾಕಿ ಹೂಳಿ ಎಂದರು. ಕೇಳಲು ಕ್ರೂರ. ಆದರೆ ರೋಗ ದನದಿಂದ ದನಕ್ಕೆ ಹಬ್ಬುತ್ತದೆ ಎಂಬ ಅಂದಾಜು ಅದರಲ್ಲಿತ್ತು. ಐವತ್ತು ವರ್ಷ ಕಳೆದರೂ ರೋಗ ಯೂರೋಪನ್ನು ಬಿಡಲಿಲ್ಲ. 1761ರಲ್ಲಿ ಫ್ರಾನ್ಸಿನ ಲಿಯೋನ್‌ನಲ್ಲಿ ಕ್ಲೋಡ್ ಬೂರ್ಜಲಾ ಜಗತ್ತಿನ ಮೊದಲ ಪಶುವೈದ್ಯ ಶಾಲೆಗೆ ಅನುಮತಿ ಪಡೆದರು. ಅದೇ ವರ್ಷ ಇಟಲಿಯ ಪಾದುವಾದಲ್ಲಿ ಮೊರ್ಗಾನ್ಯಿ ಎಂಬ ಮುದಿ ಪ್ರೊಫೆಸರ್ ನೂರಾರು ಹೆಣಗಳನ್ನು ಕೊಯ್ದು ನೋಡಿದ ವಿವರಗಳ ದೊಡ್ಡ ಪುಸ್ತಕ ಹೊರತಂದರು. ರೋಗ ಅಂದರೆ ಇಡೀ ಮೈಯ ರಸಗಳ ಏರುಪೇರು ಎಂದು ನಂಬಿದ್ದ ಕಾಲ ಅದು. ರೋಗಕ್ಕೆ ಒಂದು ಜಾಗ ಇದೆ, ಆ ಜಾಗವನ್ನು ಕಣ್ಣಿಂದ ನೋಡಬಹುದು ಎಂದು ಅವರು ತೋರಿಸಿದರು. ಜರ್ಮನಿಯ ರುಡಾಲ್ಫ್ ವಿರ್ಕೋ 1858ರಲ್ಲಿ ಇನ್ನೂ ಒಳಗೆ ಹೋದರು. ರೋಗದ ಮೂಲ ಜಾಗ ಜೀವಕೋಶ ಎಂದರು. ಮನುಷ್ಯರ ವೈದ್ಯಕ್ಕೂ ಪ್ರಾಣಿಗಳ ವೈದ್ಯಕ್ಕೂ ನಡುವೆ ಗೋಡೆ ಇಲ್ಲ ಎಂದವರೂ ಅವರೇ.

ನಮ್ಮ ದೇಶಕ್ಕೂ ಇದು ದೊಡ್ಡರೋಗದ ಬೆನ್ನಿಗೇ ಬಂತು. 1889ರಲ್ಲಿ ಪುಣೆಯಲ್ಲಿ ಬ್ರಿಟಿಷರು ಒಂದು ಲ್ಯಾಬ್ ತೆರೆದರು. 1893ರಲ್ಲಿ ಅದನ್ನು ಹಿಮಾಲಯದ ಮುಕ್ತೇಶ್ವರಕ್ಕೆ ಸಾಗಿಸಿದರು. ಊರಿನ ದನಗಳಿಂದ ದೂರದ, ತಣ್ಣಗಿನ ಬೆಟ್ಟ ಬೇಕಿತ್ತು. 1897ರಲ್ಲಿ ಜರ್ಮನಿಯ ಹೆಸರಾಂತ ಕ್ರಿಮಿ ವಿಜ್ಞಾನಿ ರಾಬರ್ಟ್ ಕಾಖ್ ಅಲ್ಲಿಗೆ ಬಂದು ಹೋದರು. 1920ರ ದಶಕದಲ್ಲಿ ಎಡ್ವರ್ಡ್ಸ್ ಎಂಬ ವಿಜ್ಞಾನಿ ಅಲ್ಲಿಯೇ ರೋಗದ ವೈರಸ್ಸನ್ನು ಆಡುಗಳಲ್ಲಿ ಬೆಳೆಸಿ ಲಸಿಕೆ ಮಾಡಿದರು. ಕಾಸರಗೋಡು ಆಗ ಮದ್ರಾಸ್ ಪ್ರೆಸಿಡೆನ್ಸಿಯ ದಕ್ಷಿಣ ಕನ್ನಡಕ್ಕೆ ಸೇರಿತ್ತು. ಪ್ರೆಸಿಡೆನ್ಸಿಯ ಪಶುವೈದ್ಯ ಕಾಲೇಜು ಶುರುವಾದದ್ದು 1903ರಲ್ಲಿ, ಮದ್ರಾಸಿನಲ್ಲಿ. ಹಳ್ಳಿಯವರಿಗೆ ಇದೆಲ್ಲ ಬಲು ದೂರ. ಮಳೆಗಾಲದ ಆಟಿ ತಿಂಗಳಲ್ಲಿ ಮನೆಮನೆಗೆ ಬರುವ ವೇಷಧಾರಿ ಕಳೆಂಜ ದನಗಳಿಗೆ ಬಂದ ಮಾರಿಯನ್ನೂ ಓಡಿಸುತ್ತಾನೆ ಎಂಬುದು ಅವರ ಭರವಸೆ. ಈ ನಂಬಿಕೆಯನ್ನು ನೋಡಿ ನಗಬೇಡಿ. ದನಗಳಿಗೆ ಗುಂಪಾಗಿ ಬರುವ ರೋಗ ಬೇರೆ, ಒಂಟಿಯಾಗಿ ಬರುವ ರೋಗ ಬೇರೆ ಎಂಬ ತಿಳುವಳಿಕೆ ಅದರಲ್ಲಿದೆ.

ಭಾರತದಲ್ಲಿ ದೊಡ್ಡರೋಗ ಕೊನೆಯ ಸಲ ಕಂಡದ್ದು 1995ರಲ್ಲಿ. 2011ರಲ್ಲಿ ಇಡೀ ಜಗತ್ತಿನಿಂದಲೇ ಹೋಯಿತು ಎಂದು ಘೋಷಿಸಿದರು. ಸಿಡುಬಿನ ನಂತರ ಮನುಷ್ಯ ಪೂರ್ತಿ ಅಳಿಸಿದ ರೋಗ ಇದೊಂದೇ.

ಸರಿ, ಕೊಯ್ದು ನೋಡುವುದು ಅಂದರೆ ಏನು? ಸತ್ತ ದನವನ್ನು ಎಡಮಗ್ಗುಲಿಗೆ ಮಲಗಿಸುತ್ತಾರೆ. ದೊಡ್ಡ ಹೊಟ್ಟೆ ಎಡಗಡೆ ಇರುವುದರಿಂದ ಅದು ಕೆಳಗೆ ಹೋಗುತ್ತದೆ, ಉಳಿದ ಅಂಗಗಳು ಕಣ್ಣಿಗೆ ಸಿಗುತ್ತವೆ. ಆಮೇಲೆ ಒಂದೊಂದೇ ಅಂಗ ಹೊರತೆಗೆದು ಬಣ್ಣ, ಗಾತ್ರ, ಗಟ್ಟಿ, ವಾಸನೆ ನೋಡುತ್ತಾರೆ. ಮೇವು ಬಿಟ್ಟು, ಎದೆಯ ಕೆಳಗೆ ನೀರು ತುಂಬಿ, ಕುತ್ತಿಗೆಯ ನರ ಉಬ್ಬಿ ಸತ್ತ ದನ ಎಂದಿಟ್ಟುಕೊಳ್ಳಿ. ಎರಡನೇ ಹೊಟ್ಟೆಯ ಒಳಮೈ ಜೇನುಗೂಡಿನ ಹಾಗಿರುತ್ತದೆ. ಬೈಹುಲ್ಲಿನ ಜೊತೆ ನುಂಗಿದ ಮೊಳೆ, ತಂತಿ ಬಂದು ಕೂರುವುದು ಅಲ್ಲಿಯೇ. ಆ ಹೊಟ್ಟೆಗೂ ಹೃದಯಕ್ಕೂ ನಡುವೆ ಇರುವುದು ಒಂದು ತೆಳು ಪರದೆ. ಹೊಟ್ಟೆ ಹಿಂಡಿದಾಗಲೆಲ್ಲ ತಂತಿ ಸ್ವಲ್ಪ ಸ್ವಲ್ಪ ಮುಂದೆ ಸರಿದು ಹೃದಯದ ಚೀಲಕ್ಕೆ ಚುಚ್ಚುತ್ತದೆ. ತೆರೆದರೆ ನಾರುವ ಕೀವು, ಹೃದಯದ ಮೇಲೆ ಹಳದಿ ಪೊರೆ, ನಡುವೆ ತುಕ್ಕು ಹಿಡಿದ ಒಂದು ತುಂಡು ತಂತಿ. ಯಾರ ಕಣ್ಣೂ ಬಿದ್ದಿರುವುದಿಲ್ಲ.

ಹೀಗೆ ಅಂಗದಲ್ಲಿ ರೋಗ ಬಿಟ್ಟುಹೋದ ಗುರುತೇ ಪೆಥಾಲಜಿಯವರ ಮೂಲ ಬಂಡವಾಳ. ಜ್ವರ, ಭೇದಿ ಎಲ್ಲ ಹೊರಗಿನ ಲಕ್ಷಣ. ನೂರು ರೋಗಗಳಿಗೆ ಅವೇ ಲಕ್ಷಣ. ಒಳಗಿನ ಗುರುತು ಹಾಗಲ್ಲ. ಊರಲ್ಲಿ ಕಾಲುಬಾಯಿ ಜ್ವರ ಇರುವಾಗ ಬಾಯಲ್ಲಿ ಒಂದು ಹುಣ್ಣೂ ಇಲ್ಲದ ಎಳೆಗರು ದಿಢೀರ್ ಸತ್ತುಬೀಳಬಹುದು. ಅದರ ಹೃದಯ ಕೊಯ್ದರೆ ಮಾಂಸದಲ್ಲಿ ಬಿಳಿಚು ಹಳದಿ ಪಟ್ಟೆಗಳು ಕಾಣುತ್ತವೆ. ಓದಿದವರು ಇದಕ್ಕೆ ಹುಲಿ ಹೃದಯ ಎನ್ನುತ್ತಾರೆ. ವೈರಸ್ ನೇರ ಹೃದಯಕ್ಕೇ ಕೈ ಹಾಕಿರುತ್ತದೆ.

ಕಣ್ಣಿಗೆ ಕಾಣದ್ದಕ್ಕೆ ಸೂಕ್ಷ್ಮದರ್ಶಕ. ಅಂಗದ ತೆಳ್ಳನೆ ತುಂಡನ್ನು ಅದರ ಹತ್ತು ಪಟ್ಟು ಫಾರ್ಮಲಿನ್‌ನಲ್ಲಿ, ಅಂದರೆ ಕೊಳೆಯದಂತೆ ಕಾಯುವ ಮದ್ದಿನಲ್ಲಿ, ಹಾಕಬೇಕು. ದಪ್ಪ ತುಂಡಾದರೆ ಮದ್ದು ಒಳಗೆ ಇಳಿಯುವ ಮೊದಲೇ ನಡುಭಾಗ ಕೊಳೆಯುತ್ತದೆ. ಲ್ಯಾಬಿನಲ್ಲಿ ಅದನ್ನು ಮೇಣದಲ್ಲಿ ಕೂರಿಸಿ, ಕೂದಲಿಗಿಂತ ತೆಳ್ಳಗೆ ಹೆರೆದು, ನೀಲಿ ಮತ್ತು ಗುಲಾಬಿ ಬಣ್ಣ ಹಾಕಿ ನೋಡುತ್ತಾರೆ.

ಒಂದು ತೊಡಕು ಇದೆ. ಸತ್ತ ಮೇಲೂ ಮೈ ಬದಲಾಗುತ್ತಲೇ ಇರುತ್ತದೆ. ಕೆಳಗಿನ ಮಗ್ಗುಲಿಗೆ ರಕ್ತ ಇಳಿದು ಕಪ್ಪಾಗುತ್ತದೆ, ಪಿತ್ತಕೋಶದ ಸುತ್ತ ಹಸಿರು ಹಿಡಿಯುತ್ತದೆ, ಹೊಟ್ಟೆ ಉಬ್ಬುತ್ತದೆ. ಇವು ರೋಗದ ಗುರುತಲ್ಲ. ನಮ್ಮ ಸೆಕೆಗೆ, ದೊಡ್ಡ ಹೊಟ್ಟೆಯ ಬಿಸಿಗೆ ಇದೆಲ್ಲ ತುಂಬಾ ಬೇಗ. ಬೆಳಗ್ಗೆ ಸತ್ತದ್ದನ್ನು ಸಂಜೆ ನೋಡಿದರೆ ಅರ್ಧ ಸಾಕ್ಷ್ಯ ಹೋಗಿರುತ್ತದೆ.

ಕೊಯ್ಯಲೇಬಾರದ ಸಾವೂ ಇದೆ, ನೆರಡಿ ರೋಗದ್ದು. ದಿಢೀರ್ ಸಾವು, ಮೂಗು-ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ, ಸರಿಯಾಗಿ ಸೆಟೆಯದ ಮೈ. ಇದು ಆಂಥ್ರಾಕ್ಸ್ ಇರಬಹುದು. ಮುಚ್ಚಿದ ಮೈಯೊಳಗೆ ಈ ಬ್ಯಾಕ್ಟೀರಿಯಾ ಕೊಳೆತು ಸಾಯುತ್ತದೆ. ಗಾಳಿ ತಾಗಿದರೆ ಗಟ್ಟಿ ಬೀಜಾಣುವಾಗಿ ಮಣ್ಣಿನಲ್ಲಿ ದಶಕಗಟ್ಟಲೆ ಉಳಿಯುತ್ತದೆ, ಮನುಷ್ಯರಿಗೂ ಬರುತ್ತದೆ. ಡಾಕ್ಟರು ಕಿವಿಯಿಂದ ಒಂದು ಹನಿ ರಕ್ತ ತೆಗೆದು ಗಾಜಿನ ಮೇಲೆ ನೋಡುತ್ತಾರೆ, ಅಷ್ಟೇ. ಒಂದು ಕ್ರಿಮಿ ಒಂದು ರೋಗ ತರುತ್ತದೆ ಎಂದು 1876ರಲ್ಲಿ ಕಾಖ್ ತೋರಿಸಿದ್ದು ಇದೇ ನೆರಡಿಯಿಂದ.

ಕೊಯ್ದು ನೋಡಿದ್ದರಿಂದ ಗುಟ್ಟು ಬಯಲಾದ ಕಥೆ ಹೇಳಬೇಕಾದರೆ ನಾನು ರಣಹದ್ದುಗಳದ್ದನ್ನೇ ಹೇಳುತ್ತೇನೆ. 1990ರ ದಶಕದಲ್ಲಿ ಅವು ಭಾರತ, ಪಾಕಿಸ್ತಾನಗಳಲ್ಲಿ ರಾಶಿರಾಶಿ ಸತ್ತವು. ಎಲ್ಲರೂ ಹೊಸ ವೈರಸ್ ಎಂದುಕೊಂಡರು. ಪಾಕಿಸ್ತಾನದಲ್ಲಿ ಲಿಂಡ್ಸೆ ಓಕ್ಸ್ ಎಂಬ ಪಶುವೈದ್ಯರ ತಂಡ ಹಕ್ಕಿಗಳನ್ನು ಕೊಯ್ದು ನೋಡಿತು. ಹೆಚ್ಚಿನವುಗಳ ಅಂಗಗಳ ಮೇಲೆ ಬಿಳಿ ಹುಡಿ, ಯೂರಿಕ್ ಆಮ್ಲ. ಅಂದರೆ ಮೂತ್ರಪಿಂಡ ಕೆಟ್ಟಿದೆ. ದನಗಳಿಗೆ ಕೊಡುವ ನೋವಿನ ಮದ್ದು ಡೈಕ್ಲೋಫೆನಾಕ್ ಕಾರಣವೇ ಎಂದು ಪರೀಕ್ಷಿಸಿದರು. ಬಿಳಿ ಹುಡಿ ಇದ್ದ 25 ಹಕ್ಕಿಗಳಲ್ಲೂ ಅದು ಇತ್ತು. ಹುಡಿ ಇಲ್ಲದ 13ರಲ್ಲಿ ಒಂದರಲ್ಲೂ ಇರಲಿಲ್ಲ. ಮದ್ದು ಕೊಟ್ಟ ಪ್ರಾಣಿಯ ಮಾಂಸ ತಿನ್ನಿಸಿದ ಹಕ್ಕಿಗಳೂ ಹಾಗೆಯೇ ಸತ್ತವು. ವರದಿ ಬಂದದ್ದು 2004ರಲ್ಲಿ. 2006ರಲ್ಲಿ ಭಾರತ ದನಗಳಿಗೆ ಆ ಮದ್ದು ನಿಲ್ಲಿಸಿತು.

ಈಗ ಪಡ್ರೆ. ಪ್ಲಾಂಟೇಶನ್ ಕಾರ್ಪೊರೇಶನ್‌ನ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸುತ್ತಿದ್ದ ಕಾಲ. ಒಬ್ಬ ರೈತರ ಮನೆಯಲ್ಲಿ ಸೊಟ್ಟ ಕಾಲಿನ ಕರುಗಳು ಹುಟ್ಟಿದವು. ಪತ್ರಕರ್ತ ಶ್ರೀಪಡ್ರೆ ಅದನ್ನು ಬರೆದರು. ಜನರಲ್ಲಿನ ಕಾಯಿಲೆಗಳನ್ನು ಆಮೇಲೆ ಡಾ. ಮೋಹನ ಕುಮಾರ್ ಎತ್ತಿ ತೋರಿಸಿದರು. ಸಿಂಪಡಣೆ ನಿಂತದ್ದು 2000ದ ಕೊನೆಗೆ. ಸುಪ್ರೀಂ ಕೋರ್ಟ್ ದೇಶದಲ್ಲಿ ಅದನ್ನು ತಡೆದದ್ದು 2011ರ ಮೇಯಲ್ಲಿ. ಮೊದಲ ಸುಳಿವು ಸಿಕ್ಕಿದ್ದು ದನದ ಹಟ್ಟಿಯಲ್ಲಿ ಎಂಬುದನ್ನು ನೆನಪಿಡಿ. ದನ ಗುಡ್ಡೆಯ ಹುಲ್ಲನ್ನು ತೊಳೆಯದೆ ತಿನ್ನುತ್ತದೆ, ತೋಡಿನ ನೀರನ್ನು ಕಾಯಿಸದೆ ಕುಡಿಯುತ್ತದೆ. ಮನುಷ್ಯರಿಗಿಂತ ಮೊದಲು ವಿಷ ತಾಗುವುದು ಅದಕ್ಕೇ ಅಲ್ವಾ.

ಆದರೆ ಸೊಟ್ಟ ಕರು ಒಂದೇ ಏನನ್ನೂ ಸಾಬೀತು ಮಾಡುವುದಿಲ್ಲ. ಇದನ್ನು ನಮ್ಮವರು ಕೇಳಲು ಇಷ್ಟಪಡುವುದಿಲ್ಲ, ಆದರೂ ಹೇಳಬೇಕು. ಅಮೆರಿಕದಲ್ಲಿ ಲೂಪಿನ್ ಎಂಬ ಗಿಡ ತಿಂದ ಗಬ್ಬದ ಹಸುಗಳಿಗೆ ಇಂಥದೇ ಕರು ಹುಟ್ಟುತ್ತವೆ. ಜಪಾನಿನಲ್ಲಿ ಪತ್ತೆಯಾದ ಅಕಬಾನೆ ವೈರಸ್ ಸಣ್ಣ ನುಸಿಗಳಿಂದ ಹರಡುತ್ತದೆ. ತಾಯಿಗೆ ಏನೂ ಆಗುವುದಿಲ್ಲ, ಕರುವಿನ ಗಂಟುಗಳು ಸೆಟೆದಿರುತ್ತವೆ. ವಂಶದಿಂದಲೂ ಬರುತ್ತದೆ. ಇವುಗಳನ್ನು ಬಿಡಿಸಲು ಕರುವಿನ ಮೆದುಳು ತೆರೆದು ನೋಡಬೇಕು, ತಾಯಿಯ ರಕ್ತ ಬೇಕು, ಕೊಬ್ಬಿನಲ್ಲಿ ಕೀಟನಾಶಕ ಎಷ್ಟಿದೆ ಎಂದು ಅಳೆಯಬೇಕು. ಸಿಂಪಡಿಸದ ಊರಿನ ಕರುಗಳ ಲೆಕ್ಕವೂ ಬೇಕು. ಮುಂದೆ ಸಮಿತಿಗಳು ಬಂದವು. ಎಂಡೋಸಲ್ಫಾನಿಗೂ ಕಾಯಿಲೆಗಳಿಗೂ ಸಂಬಂಧ ಇದೆ ಎಂದು ಒಂದು ಸಮಿತಿ ಹೇಳಿದರೆ ಇನ್ನೊಂದು ಇಲ್ಲ ಎಂದಿತು. ಮನುಷ್ಯರ ರಕ್ತ, ನೀರು, ಮಣ್ಣಿನ ಮೇಲೆ ಜಗಳವಾಯಿತು. ದನಗಳ ಮಾತು ಹಿಂದೆ ಬಿತ್ತು ಎಂಬುದು ನನ್ನ ಬೇಸರ.

ಈಗ ಯಾರ ಹಟ್ಟಿಯಲ್ಲಾದರೂ ಇಂಥ ಕರು ಹುಟ್ಟಿದರೆ, ದನ ಕಂದು ಹಾಕಿದರೆ, ಸುಮ್ನೆ ಹೂಳಬೇಡಿ. ಬರಿಗೈಯಲ್ಲಿ ಮುಟ್ಟಲೂ ಬೇಡಿ, ಕಂದು ಹಾಕಿಸುವ ಬ್ರುಸೆಲ್ಲಾ ಮನುಷ್ಯರಿಗೂ ಬರುತ್ತದೆ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಐಸಿನ ಮೇಲೆ ಇಟ್ಟು ಡಾಕ್ಟರಿಗೆ ಫೋನ್ ಮಾಡಿ. ಫ್ರೀಜರ್ ಬೇಡ, ಹೆಪ್ಪುಗಟ್ಟಿದರೆ ಜೀವಕೋಶ ಒಡೆದು ಸೂಕ್ಷ್ಮದರ್ಶಕಕ್ಕೆ ಏನೂ ಕಾಣುವುದಿಲ್ಲ. ಗಬ್ಬ ಕಟ್ಟಲು ದನಕ್ಕೆ ಇಂಜೆಕ್ಷನ್ ಮಾಡಿಸಿದ ತಾರೀಕಿನ ಚೀಟಿಯನ್ನೂ ಕೊಡಿ. ತೋಟಕ್ಕೆ ಮದ್ದು ಬಿಟ್ಟ ದಿನ ಕರು ಹೊಟ್ಟೆಯಲ್ಲಿ ಎಷ್ಟು ದಿನದ್ದಿತ್ತು, ಆಗ ಅದರ ಕಾಲು ಮೂಡುತ್ತಿತ್ತೇ ಎಂದು ಲೆಕ್ಕ ಹಾಕಲು ಆ ತಾರೀಕು ಬೇಕು.